ಖರ್ಚಾಗದ, ಆದರೂ ಖರ್ಚಿಗೆ ಸಿಗದ ಹಣಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಪುಣೆಯ ನಮ್ಮ ತಂಡ ವಿಶ್ವವಿದ್ಯಾಲಯಗಳ ಸಂಶೋಧನಾ ಅನುದಾನವನ್ನು ನಿರ್ವಹಿಸುವ ತಂತ್ರಾಂಶ ಕಟ್ಟುತ್ತಿದೆ. ಕರ್ನಾಟಕದ ವಿಶ್ವವಿದ್ಯಾಲಯವೊಂದಕ್ಕಾಗಿ ಅದರ ಪರದೆಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಹುಪಾಲು ಪದಗಳು ತಂಟೆ ಮಾಡಲಿಲ್ಲ. ಮಂಜೂರಾತಿ, ಬಿಡುಗಡೆ, ಲೆಕ್ಕಶೀರ್ಷಿಕೆ, ಹಣ ಬಳಕೆ ಪ್ರಮಾಣಪತ್ರ ಎಲ್ಲವೂ ಕಚೇರಿಗಳಲ್ಲಿ ನೆಲೆಯೂರಿವೆ. ಸಣ್ಣಪುಟ್ಟ ಖರ್ಚಿನ ‘ಕಂಟಿಂಜೆನ್ಸಿ’ಗಂತೂ ‘ಸಾದಿಲ್ವಾರು’ ಎಂಬ ಸೊಗಸಾದ ಪದವಿದೆ. ನಾನು ಸಿಕ್ಕಿಕೊಂಡಿರುವುದು ‘ಎನ್‌ಕಂಬ್ರೆನ್ಸ್’ ಬಳಿ, ಅಂದರೆ ಖರೀದಿ ಆದೇಶ ಹೋದ ಮೇಲೆ ಬಿಲ್ ಪಾವತಿಯಾಗುವ ತನಕ ಬೇರೆ ಖರ್ಚಿಗೆ ಸಿಗದಂತೆ ಎತ್ತಿಡುವ ಹಣದ ಬಳಿ.

ಸಂದರ್ಭ ಹೇಳುತ್ತೇನೆ. ಒಂದು ಯೋಜನೆಯ ಉಪಕರಣ ಶೀರ್ಷಿಕೆಯಲ್ಲಿ 10 ಲಕ್ಷ ರೂಪಾಯಿ ಇದೆ ಎನ್ನಿ. ಸಂಶೋಧಕರು 6 ಲಕ್ಷದ ಸೂಕ್ಷ್ಮದರ್ಶಕಕ್ಕೆ ಖರೀದಿ ಆದೇಶ ಕೊಟ್ಟರು. ಸರಕು ವಿದೇಶದಿಂದ ಬರಬೇಕು, ಬಿಲ್ ಬರುವುದಕ್ಕೆ ತಿಂಗಳುಗಳೇ ಬೇಕು. ಅಷ್ಟರಲ್ಲಿ 5 ಲಕ್ಷದ ಇನ್ನೊಂದು ಬೇಡಿಕೆ ಪತ್ರ ಬರುತ್ತದೆ. ಪಾವತಿಯಾದದ್ದನ್ನು ಮಾತ್ರ ಕಳೆಯುವ ತಂತ್ರಾಂಶ ಎರಡನ್ನೂ ಒಪ್ಪಿಬಿಡುತ್ತದೆ. ಆದ್ದರಿಂದ ಆದೇಶ ಹೊರಟ ಗಳಿಗೆಯಲ್ಲೇ ಆ 6 ಲಕ್ಷಕ್ಕೆ ಒಂದು ನಮೂದು ಬೀಳುತ್ತದೆ. ಒಂದೇ ಶೀರ್ಷಿಕೆಗೆ ಇಬ್ಬರು ಒಟ್ಟಿಗೆ ಕೈಹಾಕಿದರೆ ಒಬ್ಬರ ನಮೂದು ಮುಗಿಯುವ ತನಕ ಇನ್ನೊಬ್ಬರು ಕಾಯುವಂತೆ ಬೀಗವೂ ಇದೆ. ನಮ್ಮ ಖಾತೆಪುಸ್ತಕದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಬಿಲ್ ಪಾಸಾದಾಗ ಹಳೆಯ ನಮೂದನ್ನು ವಜಾ ಮಾಡುವ ಎದುರು ನಮೂದು ಬಿದ್ದು ಆಮೇಲೆ ವೆಚ್ಚ ದಾಖಲಾಗುತ್ತದೆ. ಆದೇಶ ರದ್ದಾದರೆ ಎದುರು ನಮೂದು ಮಾತ್ರ. ಅಂದರೆ ನನಗೆ ಬೇಕಾಗಿರುವುದು ಹಾಕಲೂ ತೆಗೆಯಲೂ ಬರುವ ಪದ.

ನಿಘಂಟಿನ ಮೊದಲ ಉತ್ತರ ‘ಋಣಭಾರ’. ಅದು ಉಪನೋಂದಣಿ ಕಚೇರಿಯ ಆಸ್ತಿ. ಮನೆ ಕೊಳ್ಳಲು ಹೊರಟವರೆಲ್ಲ ನಮೂನೆ 15ರ ಋಣಭಾರ ಪ್ರಮಾಣಪತ್ರಕ್ಕಾಗಿ ಅಲೆದೇ ಇರುತ್ತಾರೆ. ಸಾಲವನ್ನೇ ಮಾಡದ ಪ್ರಾಧ್ಯಾಪಕರೊಬ್ಬರು ತಮ್ಮ ಯೋಜನೆಯ ಎದುರು ‘ಋಣಭಾರ: 6,00,000’ ಎಂಬ ಸಾಲನ್ನು ಕಂಡರೆ ವಿತ್ತಾಧಿಕಾರಿಗೆ ಫೋನ್ ಮಾಡದೆ ಬಿಡುವುದಿಲ್ಲ.

‘ಬದ್ಧ ವೆಚ್ಚ’ ಎರಡು ಕಡೆ ಎಡವುತ್ತದೆ. ರಾಜ್ಯದ ಬಜೆಟ್ ಭಾಷೆಯಲ್ಲಿ ಅದು ಸಂಬಳ, ಪಿಂಚಣಿ, ಬಡ್ಡಿಯಂಥ ತಪ್ಪಿಸಲಾಗದ ಖರ್ಚು. ಜೊತೆಗೆ ನಮ್ಮ ಹಣ ವೆಚ್ಚವೇ ಆಗಿಲ್ಲ. ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಮಾರ್ಚ್ 31ರಂದು ಪಾವತಿಯಾಗದೆ ಉಳಿದ ಆದೇಶದ ಮೊತ್ತ ಅಲ್ಲಿ ಉಳಿಕೆಯ ಕಡೆಗೆ ಹೋಗಬೇಕೇ ಹೊರತು ವೆಚ್ಚದ ಕಡೆಗಲ್ಲ. ಹೆಸರಿನಲ್ಲೇ ‘ವೆಚ್ಚ’ ಇದ್ದರೆ ಗುಮಾಸ್ತರು ಅದನ್ನು ವೆಚ್ಚಕ್ಕೆ ಕೂಡಿಸುವುದು ಸಹಜ.

‘ತಡೆಹಿಡಿದ ಮೊತ್ತ’ ಎಂದರೆ ಯಾರಿಗೋ ಶಿಕ್ಷೆಯಾಗಿದೆ ಎಂಬ ಗುಮಾನಿ. ‘ಮೀಸಲು’ ಸರಳವಾಗಿದೆ, ಆದರೆ ಸರ್ಕಾರಿ ಕಡತದಲ್ಲಿ ಅದಕ್ಕೆ ಬೇರೆಯದೇ ತೂಕವಿದೆ.

ನನ್ನ ಮನಸ್ಸು ಎಳೆದದ್ದು ‘ಮುಡಿಪು’ ಕಡೆಗೆ. ಹರಕೆ ಹೊತ್ತು ಬಟ್ಟೆಯಲ್ಲಿ ಕಟ್ಟಿಟ್ಟ ದುಡ್ಡು ಮನೆಯಲ್ಲೇ ಇರುತ್ತದೆ, ಆದರೆ ಮುಟ್ಟುವ ಹಾಗಿಲ್ಲ. ಇಷ್ಟು ಹತ್ತಿರದ ಪದ ಇನ್ನೊಂದಿಲ್ಲ ಅನ್ನಿಸಿತ್ತು. ನನ್ನ ಹೆಂಡತಿ ಒಂದೇ ಮಾತಿನಲ್ಲಿ ಅದನ್ನು ಹೊಡೆದುಹಾಕಿದಳು: ತಿರುಪತಿಗೆ ಕಟ್ಟಿಟ್ಟದ್ದು ಮನೆಯ ಖರ್ಚಿಗೆ ಮರಳುವುದುಂಟೇ? ನಮ್ಮ ಆದೇಶಗಳೋ, ರದ್ದಾಗುತ್ತಲೇ ಇರುತ್ತವೆ.

ಮರಾಠಿ ಸಹೋದ್ಯೋಗಿಯೊಬ್ಬರು ‘ಬೋಜಾ’ (ಹೊರೆ) ಎಂದರು. ಇಲ್ಲಿ ನಮ್ಮ ಪಹಣಿಯಂಥ ಜಮೀನಿನ ದಾಖಲೆಯಾದ ಸಾತ್‌ಬಾರಾ ಉತಾರೆಯ ಇತರ ಹಕ್ಕುಗಳ ಅಂಕಣದಲ್ಲಿ ಬ್ಯಾಂಕಿನ ಬೋಜಾ ಏರುತ್ತದೆ, ಸಾಲ ತೀರಿದ ಮೇಲೆ ಇಳಿಯುತ್ತದೆ. ಏರಿಳಿಯುವ ಗುಣವೇನೋ ಸರಿಯಾಗಿದೆ, ಆದರೆ ಇದಕ್ಕೂ ಸಾಲದ ವಾಸನೆ ಬಿಟ್ಟಿಲ್ಲ.

ಸದ್ಯಕ್ಕೆ ‘ಕಾಯ್ದಿರಿಸಿದ ಮೊತ್ತ’ ಎಂದು ಹಾಕಿದ್ದೇನೆ. ರೈಲ್ವೆಯ ದಯೆಯಿಂದ ಅದು ಎಲ್ಲರಿಗೂ ಗೊತ್ತು, ರದ್ದತಿಯೂ ಅದರೊಂದಿಗೇ ಬರುತ್ತದೆ. ತೊಡಕಿರುವುದು ಅದರ ಉದ್ದದಲ್ಲಿ. ಈ ಪದ ಉಳಿಕೆಯ ಪುಟ, ಬೇಡಿಕೆ ಪತ್ರ, ವರದಿ, ಲೆಕ್ಕಪರಿಶೋಧಕರ ದಾಖಲೆ ಎಲ್ಲ ಕಡೆಗೂ ಒಂದೇ ಪದಕಡತದಿಂದ ಹೋಗುತ್ತದೆ. ಕಿರಿದಾದ ಅಂಕಣದಲ್ಲಿ ‘ಕಾಯ್ದಿರಿ…’ ಎಂದು ಕತ್ತರಿಸಿಕೊಂಡು ನಿಲ್ಲುತ್ತದೆ. ಇನ್ನೊಂದು ತಲೆನೋವು ವಿಭಕ್ತಿ. ಮೂಲ ತಂತ್ರಾಂಶ ‘ಇಂದ’, ‘ಗೆ’ಗಳನ್ನು ಪದದ ಬಾಲಕ್ಕೆ ಹಾಗೇ ಅಂಟಿಸಲು ಹೊರಡುತ್ತದೆ, ಕನ್ನಡ ಒಪ್ಪುತ್ತದೆಯೇ? ‘ಮೊತ್ತಇಂದ’ ಎಂದು ಓದಬೇಕಾಗುತ್ತದೆ. ಹಾಗಾಗಿ ಪ್ರತಿ ವಾಕ್ಯವನ್ನೂ ಇಡಿಯಾಗಿ ಬರೆದಿಡಲು ತಂಡವನ್ನು ಒಪ್ಪಿಸಿದ್ದೇನೆ.

ವಿಶ್ವವಿದ್ಯಾಲಯಗಳ ಇಲ್ಲವೇ ಖಜಾನೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದವರು ಇಲ್ಲಿದ್ದರೆ ತಿಳಿಸಿ: ಆದೇಶ ಹೋಗಿದೆ, ಬಿಲ್ ಬಂದಿಲ್ಲ ಎಂಬ ಹಣವನ್ನು ನೀವು ನೀವೇ ಮಾತಾಡಿಕೊಳ್ಳುವಾಗ ಏನೆನ್ನುತ್ತಿದ್ದಿರಿ? ಬೆಳಗಾವಿ, ವಿಜಯಪುರದ ಕಡೆಯವರಿಗೆ ಇನ್ನೊಂದು ಪ್ರಶ್ನೆ: ‘ಬೋಜಾ’ ಕೇಳಿದರೆ ಈಗಲೂ ಹೊಲದ ಮೇಲಿನ ಸಾಲವೇ ನೆನಪಾಗುತ್ತದೆಯೇ, ಇಲ್ಲ ಬರೀ ಹೊರೆಯೇ? ನಾಲ್ಕಕ್ಷರ ಮೀರದ ಪದ ಸಿಕ್ಕರೆ ಅಂಕಣದ ಅಗಲವೂ ಉಳಿಯುತ್ತದೆ.