ಅಪ್‌ಡೇಟ್: ಅಮ್ಮನಿಗೆ ಮಣಿಕಟ್ಟಿನ ತೂಕದ ಪಟ್ಟಿ, ಕೊನೆಗೆ ಯಾವುದು ಹೊಂದಿತು

ಬೆರಳುಗಳ ಸಂಧಿನೋವಿನಿಂದ ಡಂಬೆಲ್ ಹಿಡಿಯಲಾಗದ ನನ್ನ ಅಮ್ಮನಿಗೆ ವ್ಯಾಯಾಮಕ್ಕೆಂದು ಮಣಿಕಟ್ಟಿಗೆ ಸುತ್ತಿಕೊಳ್ಳುವ ಭಾರದ ಪಟ್ಟಿಯನ್ನು ಎಷ್ಟು ತೂಕದ್ದು ಕೊಳ್ಳಬೇಕೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಒಂದು ಕೈಗೆ ಅರ್ಧ ಕಿಲೋ ಸಾಕು ಎಂದವರ ಸಲಹೆಯೇ ಫಲಿಸಿತು. ಅಂಗಡಿಯಲ್ಲಿ ಒಂದು ಕಿಲೋದ ಜೋಡಿಯನ್ನು ಕಟ್ಟಿ ನೋಡಿದಾಗ, ತೋಳು ಭುಜದ ಮಟ್ಟ ಮುಟ್ಟುವ ಮೊದಲೇ ಅಮ್ಮನ ಹೆಗಲು ಕಿವಿಯತ್ತ ಏರುತ್ತಿತ್ತು. ತೂಕ ಹೆಚ್ಚಾಯಿತೆಂಬುದಕ್ಕೆ ಅದಕ್ಕಿಂತ ಸ್ಪಷ್ಟ ಗುರುತು ಬೇಕಿರಲಿಲ್ಲ. ಸಿಲಿಕೋನ್ ಬಳೆಯಂಥದ್ದು ನೋಡಲು ಚೆಂದವಾಗಿದ್ದರೂ ಅವರ ಸಣ್ಣ ಮಣಿಕಟ್ಟಿನಲ್ಲಿ ಜಾರುತ್ತಿದ್ದುದರಿಂದ, ಕಬ್ಬಿಣದ ಪುಡಿ ತುಂಬಿದ, ವೆಲ್ಕ್ರೋ ಇರುವ ಮೆತ್ತನೆಯ ಪಟ್ಟಿಯನ್ನೇ ತಂದೆವು.

ಬೆಳಗಿನ ನಡಿಗೆಯಲ್ಲೂ ಕಟ್ಟಿಕೊಳ್ಳಿ ಎಂಬ ಸಲಹೆ ಮಾತ್ರ ಒಗ್ಗಲಿಲ್ಲ. ಕೈ ಬೀಸಿದಂತೆಲ್ಲ ಮೊಣಕೈ ನೋಯತೊಡಗಿದ್ದರಿಂದ ಫಿಸಿಯೋಥೆರಪಿಸ್ಟ್ ಅದನ್ನು ನಿಲ್ಲಿಸಿ, ಕುರ್ಚಿಯಲ್ಲಿ ಕುಳಿತು ನಿಧಾನವಾಗಿ ತೋಳೆತ್ತುವುದನ್ನು ಹೇಳಿಕೊಟ್ಟರು. ನನಗೆ ಅಚ್ಚರಿಯಾದದ್ದು ಅವರ ಇನ್ನೊಂದು ಮಾತು: ತೋಳನ್ನು ಪಕ್ಕಕ್ಕೆ ಎತ್ತುವಾಗ ಮೊಣಕೈಯನ್ನು ಮುಂದಕ್ಕೆ ಮಡಚಿದರೆ, ಅದೇ ಪಟ್ಟಿ ಭುಜದ ಮೇಲೆ ಹೇರುವ ಹೊರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಮ್ಮ ಈಗ ಮಡಚಿದ ಕೈಯಲ್ಲಿ ಆರಂಭಿಸಿ, ಆಮೇಲೆ ಚಾಚುತ್ತಾರೆ. ಬಳೆಗಳನ್ನು ತೆಗೆದಿಟ್ಟು, ಪಟ್ಟಿಯಡಿ ಒಂದು ಬೆರಳು ತೂರುವಷ್ಟು ಸಡಿಲ ಬಿಟ್ಟರೆ ಚರ್ಮವೂ ಉಜ್ಜುವುದಿಲ್ಲ.