ಅಜ್ಜಿಮನೆ ಗುಂಪಿನಲ್ಲಿ ಮಾಂಗಾ ಜಗಳ

ಕಳೆದ ಭಾನುವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು ಇದು. ಹೆಸರು ತೆಗೆದು, ನನಗೆ ಯಾರು ಏನಾಗಬೇಕೋ ಅದನ್ನೇ ಇಟ್ಟಿದ್ದೇನೆ. ಪುಟ್ಟಿ ನನ್ನ ಅಕ್ಕನ ಮಗಳು, ಎರಡನೇ ಪಿಯುಸಿ. ತಮ್ಮ ಅಂದರೆ ಚಿಕ್ಕಮ್ಮನ ಮಗ, ಟೋಕಿಯೊದಲ್ಲಿ ಕೆಲಸ. ನಡುನಡುವೆ ಬಂದ ಗುಲಾಬಿ ಹೂವಿನ ಶುಭೋದಯಗಳನ್ನೂ ಯಾರದೋ ಮನೆ ಹೋಳಿಗೆಯ ಫೋಟೊವನ್ನೂ ಬಿಟ್ಟಿದ್ದೇನೆ.

ಪುಟ್ಟಿ: (ಫೋಟೊ)

ಪುಟ್ಟಿ: ಈ ತಿಂಗಳು ಇಂಗ್ಲಿಷಿನಲ್ಲಿ ಬಂದಿರುವ ಹೊಸ ಮಾಂಗಾ, ಮಾನ್ಹ್ವಾ ಪಟ್ಟಿ. ಟಿಕ್ ಹಾಕಿರುವ ನಾಲ್ಕು ನನಗೆ ಬೇಕು. 19ನೇ ತಾರೀಖು ಏನು ವಿಶೇಷ ಅಂತ ಎಲ್ಲರಿಗೂ ನೆನಪಿದೆ ಅಂದುಕೊಂಡಿದ್ದೇನೆ. ಸುಮ್ನೆ ಹೇಳಿದೆ.

ದೊಡ್ಡಮಾವ: ಮಾನ್ಹ್ವಾ ಅಂದರೇನಮ್ಮ? ಯಾವುದೋ ಲೇಹ್ಯದ ಹೆಸರಿದ್ದ ಹಾಗಿದೆ.

ಪುಟ್ಟಿ: ಜಪಾನಿನ ಕಾಮಿಕ್ಸ್ ಮಾಂಗಾ, ಕೊರಿಯಾದ್ದು ಮಾನ್ಹ್ವಾ, ತಾತ.

ಅಕ್ಕ: ನಾಲ್ಕಕ್ಕೂ ಸೇರಿ ಎಷ್ಟಾಯಿತು ಅನ್ನುವುದನ್ನೂ ಬರೆಯೇ.

ಪುಟ್ಟಿ: ಜಪಾನಿನವು ಮೂರು, ಕಪ್ಪು ಬಿಳುಪು. ಒಂದೊಂದೂ ಐನೂರರ ಒಳಗೆ. ಕೊರಿಯಾದ್ದು ಪೂರ್ತಿ ಬಣ್ಣ. ಅದು ಮಾತ್ರ ಸಾವಿರದ ಇನ್ನೂರು.

ಅಕ್ಕ: ಎರಡೂವರೆ ಸಾವಿರದ ಮೇಲಾಯಿತು! ಫಿಸಿಕ್ಸ್ ಗೈಡ್ ಬೇಕು ಅಂತ ಒಂದು ದಿನ ಹೀಗೆ ಹಟ ಮಾಡಿದವಳಲ್ಲ.

ಭಾವ: ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ. (ಲಿಂಕ್) ಟೆಲಿಗ್ರಾಂ ಚಾನಲ್. ಪಟ್ಟಿಯಲ್ಲಿರುವುದು ಎಲ್ಲಾ ಇದೆ. ಅಂಗಡಿಗೆ ಇನ್ನೂ ಬರದೇ ಇರುವುದೂ ಇದೆ. ಬಿಟ್ಟಿ. ಹ್ಯಾಪಿ ಬರ್ತ್‌ಡೇ ಮಗಳೇ 🎂

ಪುಟ್ಟಿ: ಅಪ್ಪಾ!!!

ನಾನು: ಭಾವ, ಅದು ಕದ್ದ ಮಾಲು.

ಭಾವ: ಕದ್ದರೆ ಅಂಗಡಿಯಲ್ಲಿ ಒಂದು ಕಡಿಮೆ ಆಗಬೇಕಪ್ಪ. ಇಲ್ಲಿ ಯಾರ ಹಿತ್ತಲಿನಿಂದ ಏನು ಹೋಯಿತು, ಹೇಳು.

ದೊಡ್ಡಮಾವ: ಕಾಮಿಕ್ಸಿಗೆ ಅಷ್ಟು ದುಡ್ಡು ಕೊಡುವುದೂ ತಪ್ಪು, ಕದಿಯುವುದೂ ತಪ್ಪು. ಲೈಬ್ರರಿಗೆ ಹೋಗಿ ಓದಲಿ.

ಪುಟ್ಟಿ: ಲೈಬ್ರರಿಯಲ್ಲಿ ಇದ್ದಿದ್ದರೆ ಇಲ್ಲಿ ಯಾಕೆ ಭಿಕ್ಷೆ ಬೇಡುತ್ತಿದ್ದೆ ತಾತ.

ತಮ್ಮ: ಈಗ ಫೋನ್ ನೋಡಿದೆ. ಭಾವ, ಇಲ್ಲಿ ಮಾಂಗಾಮುರ ಅಂತ ಒಂದು ಸೈಟ್ ಇತ್ತು. ಮುರ ಅಂದರೆ ಹಳ್ಳಿ. ಊರಿಗೆ ಊರೇ ಬಂದು ಬಿಟ್ಟಿ ಓದಿಕೊಂಡು ಹೋಗುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಮುಚ್ಚಿತು. ನಡೆಸುತ್ತಿದ್ದವನು ಫಿಲಿಪ್ಪೀನ್ಸ್‌ನಲ್ಲಿ ಸಿಕ್ಕಿಬಿದ್ದ. 2021ರಲ್ಲಿ ಫುಕುವೊಕಾ ಕೋರ್ಟು ಮೂರು ವರ್ಷ ಜೈಲು ಕೊಟ್ಟಿತು. 2024ರಲ್ಲಿ ಟೋಕಿಯೊ ಕೋರ್ಟು, ಮೂರು ಪ್ರಕಾಶಕರಿಗೆ 170 ಕೋಟಿ ಯೆನ್ ಮೇಲೆ ಕಟ್ಟು ಅಂದಿತು.

ಭಾವ: ನಾನು ಸೈಟ್ ನಡೆಸುತ್ತಿಲ್ಲ ಮಾರಾಯ. ಬಸವನಗುಡಿಯಲ್ಲಿ ಮಂಚದ ಮೇಲೆ ಬಿದ್ದುಕೊಂಡು ಓದುತ್ತಿದ್ದೇನೆ.

ಅಕ್ಕ: ಅದನ್ನು ನಾನು ಸಾಕ್ಷಿ ಸಮೇತ ಹೇಳುತ್ತೇನೆ. ಗ್ಯಾಸ್ ಬುಕ್ ಮಾಡಿ ಅಂತ ಬೆಳಿಗ್ಗೆ ಏಳಕ್ಕೆ ಹೇಳಿದ್ದು.

ಭಾವ: ತಮಾಷೆ ಬಿಡಿ, ಒಂದು ಮಾತು ಕೇಳಿ. ನಾನು ಎಂಜಿನಿಯರಿಂಗ್ ಓದುವಾಗ ಈ ಪುಸ್ತಕ ನಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ. ಹಾಸ್ಟೆಲಿನಲ್ಲಿ ಸೀಡಿ ಕೈಯಿಂದ ಕೈಗೆ ಹೋಗುತ್ತಿತ್ತು. ಯಾರೋ ಅಭಿಮಾನಿಗಳು ರಾತ್ರಿ ಕೂತು ಸ್ಕ್ಯಾನ್ ಮಾಡಿ, ಜಪಾನಿ ಅಕ್ಷರ ಅಳಿಸಿ, ಆ ಗುಳ್ಳೆಯೊಳಗೆ ಇಂಗ್ಲಿಷ್ ತುಂಬಿದ್ದು. ಸ್ಕ್ಯಾನ್‌ಲೇಶನ್ ಅನ್ನುತ್ತಾರೆ. ಅವರಿಗೆ ನಯಾಪೈಸೆ ಬರುತ್ತಿರಲಿಲ್ಲ. ನನ್ನಂಥವರಿಗೆ ರುಚಿ ಹತ್ತಿಸಿದ್ದೇ ಅವರು. ಆ ರುಚಿ ಹತ್ತಿರದಿದ್ದರೆ ಇವತ್ತು ಪುಟ್ಟಿಯ ಕೈಗೆ ಈ ಪಟ್ಟಿ ಬರುತ್ತಿತ್ತಾ?

(ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.)

ನಾನು: ಆ ಕಾಲಕ್ಕೆ ಅದು ಸರಿ ಭಾವ. ಬೇರೆ ದಾರಿ ಇರಲಿಲ್ಲ. ಈಗ ಇದೆಯಲ್ಲ.

ತಮ್ಮ: ಹೌದು. ಶುಯೇಶಾ ಅಂತ ಇಲ್ಲಿನ ಮಾಂಗಾ ಪ್ರಕಾಶಕರದೇ ಮಾಂಗಾ ಪ್ಲಸ್ ಅಂತ ಆ್ಯಪ್ 2019ರಿಂದ ಇದೆ. ಇಲ್ಲಿ ವಾರಪತ್ರಿಕೆ ಅಂಗಡಿಗೆ ಬರುವ ಹೊತ್ತಿಗೇ ಅಲ್ಲಿ ಇಂಗ್ಲಿಷಿನಲ್ಲಿ ಬರುತ್ತದೆ. ಮೊದಲ ಮೂರು ಅಧ್ಯಾಯ, ಕೊನೆಯ ಮೂರು ಅಧ್ಯಾಯ ದುಡ್ಡಿಲ್ಲದೆ ಓದಬಹುದು. ಕೊರಿಯಾದ ನೇವರ್ ಕಂಪನಿಯವರ ವೆಬ್‌ಟೂನ್, ಅಂದರೆ ಫೋನಿನಲ್ಲೇ ಓದುವ ಕಾಮಿಕ್ಸ್, ಇಂಗ್ಲಿಷಿಗೆ ಬಂದು 2014ಕ್ಕೇ ಆಯಿತು. ಕಾಯುವ ತಾಳ್ಮೆ ಇದ್ದರೆ ಅದೂ ಬಿಟ್ಟಿಯೇ.

ಭಾವ: ನಡುವಿನ ಅಧ್ಯಾಯ ಯಾರು, ನಿಮ್ಮ ಮಾವ ಓದುತ್ತಾರಾ?

ದೊಡ್ಡಮಾವ: ನನ್ನನ್ನು ಯಾಕಪ್ಪ ಎಳೆಯುತ್ತೀರಿ.

ಪುಟ್ಟಿ: ಅಪ್ಪ, ನಾನು ಕೇಳಿದ ಬಣ್ಣದ ಪುಸ್ತಕ ಸೋಲೊ ಲೆವೆಲಿಂಗ್. ಅಮೆರಿಕದ ಬೆಲೆಯೇ 20 ಡಾಲರ್. ಅದರ ಚಿತ್ರ ಬರೆದವರು ಜಾಂಗ್ ಸಂಗ್-ರಾಕ್. ಇಂಥ ವೆಬ್ ಕಾಮಿಕ್ಸಿಗೆ ಚಿತ್ರ ಬರೆಯುವವರು ಒಂದೊಂದು ವಾರಕ್ಕೆ ಅರವತ್ತು ಎಪ್ಪತ್ತು ಚಿತ್ರ, ಅದೂ ಬಣ್ಣ ಹಾಕಿ ಕೊಡಬೇಕು. ಜಾಂಗ್ ಅವರು 2022ರ ಜುಲೈನಲ್ಲಿ ಮಿದುಳಿನ ರಕ್ತಸ್ರಾವ ಆಗಿ ಹೋಗಿಬಿಟ್ಟರು. 37 ವರ್ಷ. ನಿಮಗಿಂತ ಚಿಕ್ಕವರು.

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಭಾವನ ಹೆಸರಿನ ಕೆಳಗೆ ‘ಟೈಪ್ ಮಾಡುತ್ತಿದ್ದಾರೆ’ ಅಂತ ಬಂದು ಬಂದು ಹೋಯಿತು.)

ಭಾವ: ಪಾಪ. ಆದರೆ ನಮ್ಮ ಸಾವಿರದ ಇನ್ನೂರರಲ್ಲಿ ಚಿತ್ರ ಬರೆದವನ ಮನೆಗೆ ಎಷ್ಟು ಹೋಗುತ್ತದೆ ಅನ್ನುವುದನ್ನೂ ಕೇಳಬೇಕಲ್ವಾ? ಹಡಗಿನವನಿಗೆ, ಗೋದಾಮಿನವನಿಗೆ, ಅಂಗಡಿಯವನಿಗೆ ಕೊಟ್ಟ ಮೇಲೆ ಉಳಿಯುವುದೆಷ್ಟು?

ನಾನು: ಕಡಿಮೆಯೇ ಇರಬಹುದು. ಚಾನಲ್‌ನಿಂದ ಇಳಿಸಿಕೊಂಡರೆ ಸೊನ್ನೆ ಅಂತ ಖಾತ್ರಿ.

ದೊಡ್ಡಮಾವ: ಅದಿರಲಿ. ಪುಟ್ಟಿ ದಸರಾ ರಜೆಗೆ ಬಂದಾಗ ಎರಡು ಪುಸ್ತಕ ಇಲ್ಲೇ ಬಿಟ್ಟುಹೋಗಿದ್ದಾಳೆ. ಅದರಲ್ಲಿ ಒಂದನ್ನು ನಿನ್ನೆ ತೆಗೆದೆ. ಮೊದಲ ಪುಟದಲ್ಲೇ, ನೀವು ತಪ್ಪು ಕಡೆಯಿಂದ ಓದುತ್ತಿದ್ದೀರಿ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವನು ನಾನು. ನನಗೆ ಪುಸ್ತಕ ಹಿಡಿಯಲು ಬರುವುದಿಲ್ಲವಾ?

ಪುಟ್ಟಿ: 😂😂 ತಾತ, ಅದು ಕೊನೆಯ ಪುಟ!

ತಮ್ಮ: ಜಪಾನಿಯಲ್ಲಿ ಸಾಲು ಮೇಲಿಂದ ಕೆಳಗೆ ಇಳಿಯುತ್ತದೆ ದೊಡ್ಡಮಾವ, ಸಾಲುಗಳು ಬಲದಿಂದ ಎಡಕ್ಕೆ ಹೋಗುತ್ತವೆ. ಅದಕ್ಕೇ ಚಿತ್ರದ ಚೌಕಗಳೂ ಬಲದಿಂದ ಎಡಕ್ಕೆ. ಕೊರಿಯಾದವರು ಈಗ ನಮ್ಮ ಹಾಗೇ ಎಡದಿಂದ ಬಲಕ್ಕೆ ಬರೆಯುತ್ತಾರೆ, ಅವರ ಪುಸ್ತಕ ನಿಮಗೆ ಕಷ್ಟ ಆಗುವುದಿಲ್ಲ.

ದೊಡ್ಡಮಾವ: ಇಂಗ್ಲಿಷಿಗೆ ಮಾಡುವಾಗ ತಿರುಗಿಸಿ ಅಚ್ಚು ಹಾಕಿದ್ದರೆ ಗಂಟೇನು ಹೋಗುತ್ತಿತ್ತು?

ತಮ್ಮ: ಮೊದಲು ಹಾಗೇ ಮಾಡುತ್ತಿದ್ದರು. ಕನ್ನಡಿಯಲ್ಲಿ ಹಿಡಿದ ಹಾಗೆ ಇಡೀ ಪುಟವನ್ನೇ ಮಗುಚಿ ಅಚ್ಚು ಹಾಕುತ್ತಿದ್ದರು. ಆಗ ಸಮುರಾಯ್‌ಗಳೆಲ್ಲ ಎಡಚರಾಗಿಬಿಟ್ಟರು. ಅದಕ್ಕಿಂತ ದೊಡ್ಡ ಅಭಾಸ ಒಂದಿದೆ. ಕಿಮೋನೊ ಉಡುವಾಗ ಎಡಗಡೆ ಅಂಚು ಮೇಲೆ ಬರಬೇಕು. ಬಲಗಡೆ ಅಂಚು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ ಮಾತ್ರ. ಪುಟ ಮಗುಚಿದರೆ ಮದುಮಗಳೂ ಹೆಣದ ಉಡುಪಿನಲ್ಲಿ ಕೂತಿರುತ್ತಾಳೆ.

ದೊಡ್ಡಮಾವ: ಶಿವಶಿವಾ. ಅಂದರೆ ಅಪಸವ್ಯ! ಮದುವೆ ಮಂಟಪದಲ್ಲಿ ಜನಿವಾರ ಬಲಗಡೆ ಹೆಗಲಿಗೆ ಹಾಕಿಕೊಂಡು ಕೂತ ಹಾಗೆ.

ತಮ್ಮ: ಹಾಗೇ ದೊಡ್ಡಮಾವ. 2002ರಲ್ಲಿ ಅಮೆರಿಕದ ಟೋಕಿಯೋಪಾಪ್‌ನವರು ಮಗುಚದೆ ಇದ್ದ ಹಾಗೇ ಅಚ್ಚು ಹಾಕುತ್ತೇವೆ ಅಂತ ಹೊರಟರು. ಆಮೇಲೆ ಹೆಚ್ಚಿನವರು ಅದೇ ದಾರಿ ಹಿಡಿದರು.

ದೊಡ್ಡಮಾವ: ಸರಿ. ಇಂಥ ಕಾರಣ ಇದ್ದರೆ ಬಲದಿಂದಲೇ ಓದೋಣ. ಮೊದಲೇ ಹೇಳಬೇಕಪ್ಪ.

ಅಕ್ಕ: ಮಾವ, ನೀವು ಯಾವ ಪಕ್ಷ ಈಗ?

ದೊಡ್ಡಮಾವ: ಕಾಮಿಕ್ಸ್ ಮಕ್ಕಳದ್ದು ಅನ್ನುವುದರಲ್ಲಿ ಬದಲಾವಣೆ ಇಲ್ಲ. ಅಮರ ಚಿತ್ರಕಥೆಯನ್ನು ನಾವು ಮಕ್ಕಳಾಗಿದ್ದಾಗ ಓದಿದೆವು, ಬಿಟ್ಟೆವು.

ನಾನು: ಅದರ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, ಗೊತ್ತಾ? ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಿದ್ದ ಜಿ. ಕೆ. ಅನಂತರಾಂ ಹೇಳಿದ ಮಾತು. 1965ರಲ್ಲಿ ಹತ್ತು ಪುಸ್ತಕ ಕನ್ನಡದಲ್ಲಿ ಬಂದವಂತೆ. ಇಂಗ್ಲಿಷಿನ ಸರಣಿ 11ನೇ ನಂಬರಿನಿಂದ ಶುರುವಾಗುವುದು ಅದಕ್ಕೇ ಅಂತ ಅವರ ಲೆಕ್ಕ. ಆ ಹತ್ತೂ ಹೊರದೇಶದ ಕಥೆಗಳ ಅನುವಾದ.

ದೊಡ್ಡಮಾವ: ಹಾಗಾದರೆ ಈಗ ಯಾಕೆ ಇಂಗ್ಲಿಷಿಗೆ ಹೋಗಬೇಕು? ಕನ್ನಡಕ್ಕೇ ಮಾಡಲಿ.

ಭಾವ: ಯಾರು ಮಾಡುತ್ತಾರೆ ಮಾವ? ಎರಡು ಸಾವಿರ ಪ್ರತಿ ಮಾರುವುದರೊಳಗೆ ಪ್ರಕಾಶಕನ ಕೂದಲು ಹಣ್ಣಾಗುತ್ತದೆ.

ಚಿಕ್ಕಮ್ಮ: ಈಗ ಅಡುಗೆ ಮುಗಿಯಿತು. ಎಲ್ಲಾ ಓದಿದೆ. ನನ್ನದೊಂದು ಸಂಶಯ. ಪುಟ್ಟಿ ಹೋದ ಸಲ ತೋರಿಸಿದ ಪುಸ್ತಕದಲ್ಲಿ ಚಿತ್ರದ ಮೇಲೆಲ್ಲ ಜಪಾನಿ ಅಕ್ಷರ ದೊಡ್ಡದಾಗಿ ಗೀಚಿತ್ತು. ಪಕ್ಕದಲ್ಲಿ ಇರುವೆ ಸಾಲಿನ ಹಾಗೆ ಇಂಗ್ಲಿಷ್. ಅದೇನು?

ತಮ್ಮ: ಅದು ಸದ್ದು ಅಮ್ಮ. ಎದೆ ಹೊಡೆದುಕೊಂಡರೆ ದೊಕಿದೊಕಿ. ಗುಡುಗಿದರೆ ಗೊರೊಗೊರೊ. ಸುತ್ತ ತಿರುಗಿದರೆ ಗುರುಗುರು. ಮಿನುಗಿದರೆ ಕಿರಾಕಿರಾ.

ಚಿಕ್ಕಮ್ಮ: ಡವಡವ. ಗುಡುಗುಡು. ಗಿರಗಿರ. ಮಿಣಮಿಣ. ಇದರಲ್ಲಿ ಹೊಸದೇನಿದೆಯೋ? ಎಂಟನೇ ಕ್ಲಾಸಿಗೆ ಅನುಕರಣಾವ್ಯಯ ಅಂತ ಪ್ರತಿ ವರ್ಷ ಪಾಠ ಮಾಡುತ್ತೇನೆ. ಕಿರಾಕಿರಾ ಒಂದು ಮಾತ್ರ ನಮಗೆ ಕಿರಿಕಿರಿ.

ಪುಟ್ಟಿ: ಚಿಕ್ಕಜ್ಜಿ ಸೂಪರ್!!

ತಮ್ಮ: ಒಂದು ಕಷ್ಟದ್ದು ಕೊಡುತ್ತೇನೆ. ಯಾರೂ ಮಾತಾಡದೆ ಮನೆಯೆಲ್ಲ ಖಾಲಿ ಅನ್ನಿಸಿದಾಗ ಚಿತ್ರದ ಮೇಲೆ ಶೀಂ ಅಂತ ಉದ್ದಕ್ಕೆ ಬರೆಯುತ್ತಾರೆ. ಸದ್ದೇ ಇಲ್ಲದ್ದಕ್ಕೆ ಒಂದು ಸದ್ದು. ಇಂಗ್ಲಿಷಿನವರಿಗೆ ಅಂಥ ಪದ ಸಿಗದೆ ಎಷ್ಟೋ ಕಡೆ ಸುಮ್ನೆ ‘ಸೈಲೆನ್ಸ್’ ಅಂತ ಬರೆದುಬಿಡುತ್ತಾರೆ.

ಚಿಕ್ಕಮ್ಮ: ಬಿಕೋ.

ತಮ್ಮ: ಏನು?

ಚಿಕ್ಕಮ್ಮ: ಬಿಕೋ ಕಣೋ. ನೀನು ಏರ್‌ಪೋರ್ಟಿಗೆ ಹೋದ ದಿನ ನಮ್ಮ ಮನೆ ಬಿಕೋ ಅನ್ನುತ್ತಿತ್ತಲ್ಲ, ಅದು.

(ತಮ್ಮ ಇದಕ್ಕೆ ಒಂದು ಹೃದಯದ ಚಿಹ್ನೆ ಹಾಕಿ ಸುಮ್ಮನಾದ.)

ಪುಟ್ಟಿ: ನಾನೊಂದು ತೋರಿಸುತ್ತೇನೆ, ಯಾರೂ ನಗಬಾರದು. (ಫೋಟೊ) (ಫೋಟೊ)

(ದೊಡ್ಡಮಾವನ ಮನೆಯಲ್ಲಿ ಬಿಟ್ಟ ಇನ್ನೊಂದು ಪುಸ್ತಕದ ಪುಟಗಳು. ಪ್ರತಿ ಮಾತಿನ ಗುಳ್ಳೆಯ ಮೇಲೂ ಹಳದಿ ಚೀಟಿ ಕತ್ತರಿಸಿ ಅಂಟಿಸಿದ್ದಾಳೆ. ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ. ಒಂದು ಕಡೆ ‘ಗೋಧಿ ಸಸಿಯನ್ನು ತುಳಿದಷ್ಟೂ ಗಟ್ಟಿಯಾಗುತ್ತೆ’ ಅಂತ ಬರೆದು, ‘ತುಳಿದಷ್ಟೂ’ ಎರಡು ಸಲ ಅಳಿಸಿ ತಿದ್ದಿದ ಗುರುತಿತ್ತು.)

ಪುಟ್ಟಿ: ಬೇರ್‌ಫುಟ್ ಗೆನ್, ಮೊದಲ ಭಾಗ. ಶಿವಮೊಗ್ಗದ ಅಜ್ಜಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಚಿತ್ರ ನೋಡಿ ನೋಡಿ, ಇವನೇನಂದ, ಅವಳೇನಂದಳು ಅಂತ ಕೇಳುತ್ತಿದ್ದರು. ಅದಕ್ಕೆ ಇಪ್ಪತ್ತು ಪುಟ ಮಾಡಿಟ್ಟೆ.

ದೊಡ್ಡಮಾವ: ಹೌದು, ನಿಮ್ಮತ್ತೆ ದಿನಾ ತೆಗೆದು ನೋಡುತ್ತಾಳೆ. ಹಿರೋಶಿಮಾದ ಕಥೆ ಅಂತ ನಾನು ಹೇಳಿಬಿಟ್ಟೆ. ಬಾಂಬು ಬೀಳುವುದು ನನಗೆ ಗೊತ್ತು, ಆ ಹುಡುಗನಿಗೆ ಏನಾಗುತ್ತೆ ಅದನ್ನು ಹೇಳಿ ಅನ್ನುತ್ತಾಳೆ.

ಚಿಕ್ಕಮ್ಮ: ಪುಟ್ಟಿ, ಎರಡನೇ ಫೋಟೊದಲ್ಲಿ ‘ಢಂ’ ಬೇಡ. ಅಲ್ಲಿ ಹುಡುಗ ಬೀಳುತ್ತಿದ್ದಾನೆ. ‘ದೊಪ್’ ಹಾಕು.

ಭಾವ: ಒಂದು ನಿಮಿಷ. ಒಂದೇ ಒಂದು ನಿಮಿಷ. ಪ್ರಕಾಶಕರ ಒಪ್ಪಿಗೆ ಇಲ್ಲ. ಗುಳ್ಳೆಯಲ್ಲಿದ್ದ ಭಾಷೆ ಮುಚ್ಚಿ ತನ್ನ ಭಾಷೆ ತುಂಬಿದ್ದಾಳೆ. ಆಮೇಲೆ ಫೋಟೊ ತೆಗೆದು ಗುಂಪಿಗೆ ಹಾಕಿದ್ದಾಳೆ. ಇದನ್ನು ಏನನ್ನುತ್ತಾರೆ ಅಂತ ಬೆಳಿಗ್ಗೆ ಹೇಳಿದ್ದೆ. ಕದ್ದ ಮಾಲು ಅಂದವರು ಯಾರಪ್ಪ?

ಅಕ್ಕ: 😂 ಸಿಕ್ಕಿಬಿದ್ದೆ ಕಣೋ.

ನಾನು: ಒಂದೇ ಅಲ್ಲ ಭಾವ. ಪುಸ್ತಕ ಕೊಂಡದ್ದು. ಚೀಟಿ ಅಂಟಿಸಿದ್ದು ಆ ಒಂದು ಪ್ರತಿಗೆ. ಓದುವವರು ಒಬ್ಬರು.

ಭಾವ: ಆ ಹಾಸ್ಟೆಲ್ ಸೀಡಿಯೂ ಯಾರೋ ಕೊಂಡ ಒಂದು ಪ್ರತಿಯಿಂದಲೇ ಹುಟ್ಟಿದ್ದು.

ತಮ್ಮ: ಈ ಪುಸ್ತಕದ್ದೇ ಕಥೆ ಕೇಳಿ. ನಕಾಜಾವಾ ಕೇಜಿ ಇದನ್ನು 1973ರಲ್ಲಿ ಶುರು ಮಾಡಿದರು. ಅವರೇ ಆರು ವರ್ಷದ ಹುಡುಗನಾಗಿ ಹಿರೋಶಿಮಾದಲ್ಲಿ ಬದುಕಿ ಉಳಿದವರು. ಇಂಗ್ಲಿಷಿಗೆ ತಂದದ್ದು ಯಾವ ಕಂಪನಿಯೂ ಅಲ್ಲ. 1976ರಲ್ಲಿ ಟೋಕಿಯೊದಲ್ಲಿ ಕೆಲವರು ಪ್ರಾಜೆಕ್ಟ್ ಗೆನ್ ಅಂತ ಸೇರಿಕೊಂಡು, ಸಂಬಳ ಇಲ್ಲದೆ ಅನುವಾದ ಮಾಡಿದರು.

ಭಾವ: ಕೇಳಿಸಿತಾ? ಸಂಬಳ ಇಲ್ಲದೆ!

ತಮ್ಮ: ಬರೆದವರ ಒಪ್ಪಿಗೆ ಇತ್ತು ಭಾವ. ಅದೊಂದು ವ್ಯತ್ಯಾಸ. ಹಿಂದಿಗೂ ಬಂದಿದೆ. ತೊಮೊಕೊ ಕಿಕುಚಿ ಅಂತ ಜಪಾನಿನವರೇ ಹಿಂದಿ ಕಲಿತು ಮಾಡಿದ್ದಾರೆ.

ದೊಡ್ಡಮಾವ: ಹಿಂದಿಗೆ ಬಂದಿದೆ ಅಂದಮೇಲೆ ಕನ್ನಡಕ್ಕೆ ಬರಲು ಏನು ಅಡ್ಡಿ? ಅರ್ಜಿ ಯಾರಿಗೆ ಬರೆಯಬೇಕು ಹೇಳಿ, ಈಗಲೇ ಬರೆಯುತ್ತೇನೆ. ವಿಳಾಸ ಕೊಡು.

ಚಿಕ್ಕಮ್ಮ: ಅಣ್ಣ ಶುರು ಮಾಡಿದ.

ನಾನು: ಭಾವ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಕನ್ನಡದಲ್ಲಿ ಕೊಂಡು ಅತ್ತೆಗೆ ಕೊಡೋಣ ಅಂದರೆ ನನ್ನ ಕೈಗೆ ಇನ್ನೂ ಒಂದೂ ಸಿಕ್ಕಿಲ್ಲ. ಅಲ್ಲಿಯವರೆಗೆ ಹಳದಿ ಚೀಟಿ. ಆದರೆ ಪುಟ್ಟಿ ಕೇಳಿದ ನಾಲ್ಕು ಅಂಗಡಿಯಲ್ಲಿ ಇವೆ. ಅವಕ್ಕೆ ಲಿಂಕ್ ಬೇಡ.

ಭಾವ: ನಾಲ್ಕಕ್ಕೆ ದುಡ್ಡು ನೀನು ಕೊಡುತ್ತೀಯಾ?

ನಾನು: ಎರಡು ನನ್ನದು.

ದೊಡ್ಡಮಾವ: ಒಂದು ನನ್ನದು. ಕಪ್ಪು ಬಿಳುಪಿನದ್ದು.

ಚಿಕ್ಕಮ್ಮ: ಬಣ್ಣದ್ದು ನಾನು ಕೊಡಿಸುತ್ತೇನೆ. ಓದಿದ ಮೇಲೆ ನಮ್ಮ ಸ್ಕೂಲಿಗೆ ಒಂದು ತಿಂಗಳು ಕೊಡಬೇಕು. ಮಕ್ಕಳ ಕೈಯಲ್ಲಿ ಆ ಸದ್ದುಗಳಿಗೆಲ್ಲ ಕನ್ನಡ ಬರೆಸುತ್ತೇನೆ. ಚೀಟಿಯಲ್ಲೇ, ಪುಸ್ತಕದ ಮೇಲೆ ಅಲ್ಲ.

ಪುಟ್ಟಿ: ಸರಿ ಚಿಕ್ಕಜ್ಜಿ!!! ಅಮ್ಮ ನೋಡು, ನಿನ್ನ ದುಡ್ಡು ಉಳಿಯಿತು.

ಅಕ್ಕ: ಆ ದುಡ್ಡಿಗೆ ಫಿಸಿಕ್ಸ್ ಗೈಡ್ ಬರುತ್ತದೆ. ಮತ್ತೆ ಇವರೇ, ಆ ಲಿಂಕ್ ತೆಗೆಯಿರಿ. ಗ್ಯಾಸೂ ಬುಕ್ ಮಾಡಿ.

ಭಾವ: ಗ್ಯಾಸ್ ಆಯಿತು. ಲಿಂಕ್ ಇರಲಿ, ನಡುವಿನ ಅಧ್ಯಾಯ ಬಾಕಿ ಇದೆ.

(ಅಕ್ಕ ಈ ಗುಂಪಿನ ಅಡ್ಮಿನ್. ‘ಈ ಸಂದೇಶವನ್ನು ಅಳಿಸಲಾಗಿದೆ.’)

ದೊಡ್ಡಮಾವ: ಪುಟ್ಟಿ, ನನ್ನ ಪುಸ್ತಕ ನೇರ ಶಿವಮೊಗ್ಗಕ್ಕೇ ತರಿಸು. ನಾನು ಓದಿ ಕಳಿಸುತ್ತೇನೆ.

ಪುಟ್ಟಿ: ಆಗಲಿ ತಾತ. ಪಾರ್ಸಲ್ ಬಂದಮೇಲೆ ಹಿಂದಿನಿಂದ ಶುರು ಮಾಡಬೇಕು, ನೆನಪಿದೆಯಲ್ಲ?

ದೊಡ್ಡಮಾವ: ಯಾರ ಹಿಂದಿನಿಂದ? ನಮ್ಮ ಹಿಂದೋ, ಅವರ ಹಿಂದೋ?

ಪುಟ್ಟಿ: ಬೈಂಡಿಂಗ್ ಬಲಗೈ ಕಡೆ ಇರಬೇಕು ತಾತ. ಅಷ್ಟೇ.

ದೊಡ್ಡಮಾವ: ಬೈಂಡಿಂಗ್ ಬಲಕ್ಕೆ. ಬರೆದುಕೊಂಡೆ. 🙏