ಚಳಿಯಲ್ಲಿ ಐಡ್ಲಿಂಗಿನಲ್ಲೇ ಬಂದ್ ಆಗುವ ಮಾರುತಿ 800: ಗುಜರಿ ಸಾಮಾನಿನಲ್ಲಿ ಯಾವುದು ಹೊಂದುತ್ತೆ, ಯಾವುದು ಬೇಡ?

ಪ್ರಶ್ನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಗಾಡಿ 1996ರ ಮಾರುತಿ 800. ಏಸಿ ಇಲ್ಲ, ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ), ಕೈಯಲ್ಲಿ ಎಳೆಯುವ ಚೋಕ್ (ತಣ್ಣನೆಯ ಎಂಜಿನ್ನಿಗೆ ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವುದು). ಬೆಳಗ್ಗೆ 12–13 ಡಿಗ್ರಿ ಇದ್ದಾಗ ಚೋಕ್ ಪೂರ್ತಿ ಎಳೆದರೆ ಎರಡನೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ. ಅರ್ಧ ಒಳಗೆ ತಳ್ಳಿದ ಕೂಡಲೇ ಬಂದ್. ಹತ್ತು ನಿಮಿಷ ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೇ ಇರಬೇಕು. ಬಿಸಿಯಾದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ತಾನಾಗಿ ಓಡುವುದು) ಚೆನ್ನಾಗಿದೆ. ಆದರೆ ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟುವುದೇ ಇಲ್ಲ. ಪ್ಲಗ್, ಏರ್ ಫಿಲ್ಟರ್ ಹೊಸದು. ಹಾಸನದ ಗುಜರಿಯೊಂದರಲ್ಲಿ ಏಸಿ ಇದ್ದ 800ರ ಪೂರ್ತಿ ಕಾರ್ಬುರೇಟರ್ ಮತ್ತು ಓಮ್ನಿಯ ಇನ್‌ಟೇಕ್ ಮ್ಯಾನಿಫೋಲ್ಡ್ (ಮಿಶ್ರಣವನ್ನು ಸಿಲಿಂಡರಿಗೆ ಒಯ್ಯುವ ಕೊಳವೆ) ಸೆಟ್ ಸಿಗುತ್ತಿದೆ. ಯಾವುದನ್ನು ತಂದರೆ ಉಪಯೋಗ? ಏನೇನು ಬದಲಾಯಿಸಿ ಕೂರಿಸಬೇಕು?

ಉತ್ತರ (ಹಾಸನ, ಎಂಜಿನ್ ಕೆಲಸದವರು)

ಸರ್, ಗುಜರಿಗೆ ಹೋಗುವ ಮೊದಲು ಆ ಮುಳ್ಳಿನ ಕಡೆ ಗಮನ ಕೊಡಿ. ಕಾಲು ಭಾಗ ದಾಟಲ್ಲ ಅಂದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಇಲ್ಲ, ಅಥವಾ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. "ಬಿಸಿ ಜಾಸ್ತಿ ಆಗುತ್ತೆ" ಅಂತ ಅದನ್ನು ಕಿತ್ತು ಬಿಸಾಡುವ ಪದ್ಧತಿ ನಮ್ಮ ಕಡೆ ಬಹಳ ಇದೆ. ಈ ಎಂಜಿನ್ನಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ಹೊಟ್ಟೆಯೊಳಗೆ ಬಿಸಿನೀರು ಓಡುತ್ತೆ. ಕಾರ್ಬುರೇಟರಿನಿಂದ ಇಳಿದ ಪೆಟ್ರೋಲ್ ಆ ಬಿಸಿಗೇ ಆವಿಯಾಗಬೇಕು. ಥರ್ಮೋಸ್ಟಾಟ್ ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ರೇಡಿಯೇಟರಿನ ತಣ್ಣೀರು ಸುತ್ತುತ್ತೆ, ಮ್ಯಾನಿಫೋಲ್ಡ್ ತಣ್ಣಗೇ ಉಳಿಯುತ್ತೆ, ಪೆಟ್ರೋಲ್ ಹನಿಹನಿಯಾಗಿ ಗೋಡೆಗೆ ಅಂಟುತ್ತೆ. ಸಿಲಿಂಡರಿಗೆ ತಲುಪುವುದು ತೆಳು ಮಿಶ್ರಣ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು). ಚೋಕ್ ತೆಗೆದ ಕೂಡಲೇ ಬಂದ್ ಆಗುವುದು ಅದಕ್ಕೇ.

ಪರೀಕ್ಷೆಗೆ ಪಾನಾ ಬೇಡ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಹಿಡಿದುಕೊಳ್ಳಿ. ಥರ್ಮೋಸ್ಟಾಟ್ ಸರಿಯಿದ್ದರೆ ಕೆಲವು ನಿಮಿಷ ಹೋಸ್ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಕೈ ಸುಡುವಷ್ಟು ಬಿಸಿಯಾಗುತ್ತೆ. ಶುರುವಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಹೋದರೆ ಒಳಗೆ ಅದು ಇಲ್ಲ ಅಂತಲೇ ಲೆಕ್ಕ.

82 ಡಿಗ್ರಿಯದ್ದು ಹೊಸದೇ ಹಾಕಿ, ಹಳೆಯದು ಬೇಡ. ಹೊಸದನ್ನೂ ಕುದಿಯುವ ನೀರಿಗೆ ಬಿಟ್ಟು ನೋಡಿ: ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆದು, ತಣಿದಾಗ ಸಂದಿಲ್ಲದೆ ಮುಚ್ಚಬೇಕು. ಅಂಚಿನಲ್ಲಿ ಗಾಳಿ ಹೋಗಲು ಅಲ್ಲಾಡುವ ಸಣ್ಣ ಪಿನ್ ಇರುತ್ತೆ. ಅದು ಮೇಲಕ್ಕೆ ಬರುವ ಹಾಗೆ ಕೂರಿಸಿ, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತೆ. ಮುಚ್ಚಳದ ಬೋಲ್ಟುಗಳು ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಗ್ಗೆ ಮೊದಲು ಕೂದಲೆಳೆಯಷ್ಟು ಮಾತ್ರ ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಮುಚ್ಚಳದ ಬಾಯಿ ತುಕ್ಕು ತಿಂದು ಹೋಗಿದ್ದರೆ ಅದನ್ನು ಮಾತ್ರ ಗುಜರಿಯಿಂದ ತನ್ನಿ.

ಓಮ್ನಿ ಸೆಟ್ಟಿಗೆ ಅವಸರ ಬೇಡ. ಎಂಜಿನ್ ಅದೇ 796 ಸಿಸಿ ಎಫ್8ಬಿ. ಆದರೆ ಓಮ್ನಿಯಲ್ಲಿ ಸೀಟಿನ ಕೆಳಗೆ ಉದ್ದಕ್ಕೆ ಕೂತಿದೆ, 800ರಲ್ಲಿ ಅಡ್ಡಲಾಗಿ. ಹೋಸಿನ ಬಾಯಿ, ಕೇಬಲ್ ಬ್ರಾಕೆಟ್ ಯಾವ ದಿಕ್ಕಿಗಿದೆ ಅಂತ ನಿಮ್ಮದರ ಜೊತೆ ಹೋಲಿಸದೆ ದುಡ್ಡು ಕೊಡಬೇಡಿ.

ಉತ್ತರ (ಶಿವಮೊಗ್ಗ)

ಮೇಲಿನವರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ.

ಒಂದು, ಜೋಡಣೆಯ ಸಂದಿನಿಂದ ಏರ್ ಎಳೆಯುವುದು. ಕಾರ್ಬುರೇಟರಿನ ಕೆಳಗಿನ ಕಪ್ಪು ಇನ್ಸುಲೇಟರ್ ಮತ್ತು ಅದರ ಎರಡೂ ಬದಿಯ ಪ್ಯಾಕಿಂಗ್ ನೋಡಿ. ನಟ್ಟುಗಳನ್ನು ಅತಿಯಾಗಿ ಬಿಗಿದು ಬಿಗಿದು ಕಾರ್ಬುರೇಟರಿನ ತಳ ಬಾಳೆ ಎಲೆಯ ಹಾಗೆ ಬಾಗಿರುತ್ತೆ, ಮೂಲೆ ಮುಟ್ಟಿದರೂ ನಡುವೆ ಸಂದು. ದಪ್ಪ ಗಾಜಿನ ಮೇಲೆ 220 ನಂಬರಿನ ಎಮರಿ ಪೇಪರ್ ಹಾಸಿ, ತಳವನ್ನು ಎಂಟರ ಆಕಾರದಲ್ಲಿ ಉಜ್ಜಿ. ಇಡೀ ಮುಖ ಒಂದೇ ಹೊಳಪಿಗೆ ಬಂದರೆ ಸಾಕು, 400ರಲ್ಲಿ ಮುಗಿಸಿ. ಏರ್ ಎಲ್ಲಿ ಎಳೆಯುತ್ತಿದೆ ಅಂತ ಹುಡುಕಲು ಪೆಟ್ರೋಲ್ ಚಿಮುಕಿಸಬೇಡಿ, ಬೆಂಕಿ ಹತ್ತುತ್ತೆ. ಐಡ್ಲಿಂಗಿನಲ್ಲಿ ಇರುವಾಗ ಜೋಡಣೆಯ ಸುತ್ತ ನೀರು ಸ್ಪ್ರೇ ಮಾಡಿ, ಡಿಸ್ಟ್ರಿಬ್ಯೂಟರ್, ಪ್ಲಗ್ ವೈರಿಗೆ ತಾಗದಂತೆ. ನೀರು ಬಿದ್ದ ಜಾಗದಲ್ಲಿ ಶಬ್ದ ಬದಲಾದರೆ ಅದೇ ಜಾಗ.

ಎರಡು, ಚೋಕಿನ ಲಿಂಕ್. ಚೋಕ್ ಎಳೆದಾಗ ಮೇಲಿನ ತಟ್ಟೆ ಮುಚ್ಚುವುದು ಮಾತ್ರವಲ್ಲ, ಕಡ್ಡಿಯೊಂದು ಕೆಳಗಿನ ಥ್ರಾಟಲನ್ನೂ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಟ್ಟೆ) ಸ್ವಲ್ಪ ತೆರೆಯಬೇಕು. ಇದು ಸವೆದಿದ್ದರೆ ನೀವು ಹೇಳಿದ ಲಕ್ಷಣವೇ ಬರುತ್ತೆ: ಪೆಟ್ರೋಲ್ ಸಿಗುತ್ತೆ, ಗಾಳಿ ಸಿಗಲ್ಲ. ಕಾರ್ಬುರೇಟರ್ ಇಳಿಸಿ, ಚೋಕ್ ಪೂರ್ತಿ ಮುಚ್ಚಿ ಹಿಡಿದು, ಥ್ರಾಟಲ್ ತಟ್ಟೆ ಮತ್ತು ಗೋಡೆಯ ನಡುವೆ ನಿಮ್ಮ ಕಾರ್ಬುರೇಟರಿನ ಮ್ಯಾನುಯಲ್‌ನಲ್ಲಿರುವ ಅಳತೆಯ ಡ್ರಿಲ್ ಬಿಟ್ ತೂರಿಸಿ ನೋಡಿ. ಬಿಗಿಯಾಗಿ ಹೋಗಬೇಕು. ಹೋಗದಿದ್ದರೆ ಲಿವರಿನ ನಾಲಿಗೆಯನ್ನು ನೋಸ್ ಪ್ಲೈಯರಿನಲ್ಲಿ ಕೂದಲೆಳೆಯಷ್ಟು ಬಗ್ಗಿಸಿ. ಒಂದೇ ಸಲ ಜಾಸ್ತಿ ಬಗ್ಗಿಸಿ ವಾಪಸ್ ಬಗ್ಗಿಸಿದರೆ ಮುರಿಯುತ್ತೆ. ನಾಲಿಗೆ ತೀರಾ ಸವೆದಿದ್ದರೆ ಗುಜರಿಯ ಕಾರ್ಬುರೇಟರಿನ ಲಿವರ್ ಬಳಸಬಹುದು.

ಪ್ರಶ್ನೆ ಕೇಳಿದವರು

ಥರ್ಮೋಸ್ಟಾಟ್ ಇರಲೇ ಇಲ್ಲ. 82ರದ್ದು ಹಾಕಿಸಿದೆ, ಮುಳ್ಳು ಈಗ ಅರ್ಧಕ್ಕೆ ಬರುತ್ತೆ. ತಳ ಉಜ್ಜಿ ಪ್ಯಾಕಿಂಗೂ ಬದಲಾಯಿತು. ಹತ್ತು ನಿಮಿಷದ ಕಾಟ ನಾಲ್ಕಕ್ಕೆ ಇಳಿಯಿತು. ಆ ನಾಲ್ಕು ನಿಮಿಷಕ್ಕೆ ಏಸಿ ಗಾಡಿಯ ಕಾರ್ಬುರೇಟರಿನ ಪಕ್ಕದಲ್ಲಿರುವ ಡಬ್ಬಿ (ಐಡಲ್ ಅಪ್) ಹಾಕಿದರೆ ಹೇಗೆ?

ಉತ್ತರ (ಬೆಂಗಳೂರು, ಕಾರ್ಬುರೇಟರ್ ಕೆಲಸದವರು)

ಹಾಕಬಹುದು ಸರ್, ಕ್ರಮವಾಗಿ ಮಾಡಿದರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಏಸಿ ಹಾಕಿದಾಗ ಎಂಜಿನ್ ಮೇಲೆ ಭಾರ ಬೀಳುತ್ತಲ್ಲ, ಆಗ ಈ ಡಬ್ಬಿ ವ್ಯಾಕ್ಯೂಮಿನಿಂದ (ಎಂಜಿನ್ ಗಾಳಿ ಹೀರುವ ಎಳೆತ) ಥ್ರಾಟಲನ್ನು ಸ್ವಲ್ಪ ಎಳೆದು ಹಿಡಿಯುತ್ತೆ. ನಮಗೆ ಏಸಿಯ ಭಾರದ ಬದಲು ಚಳಿಯ ಭಾರ.

ತರಬೇಕಾದದ್ದು: ಡಬ್ಬಿ ಅದರ ಬ್ರಾಕೆಟ್ ಸಮೇತ, ಎರಡು ವೈರಿನ ವ್ಯಾಕ್ಯೂಮ್ ವಾಲ್ವ್, ವಾಲ್ವಿನ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಒಂದು ಗೇಣು ವೈರ್ ಸಮೇತ. ಕಪ್ಲರನ್ನು ಬುಡಕ್ಕೇ ಕತ್ತರಿಸಿದ್ದರೆ ಆಮೇಲೆ ಪರದಾಟ. ರಬ್ಬರ್ ಹೋಸ್ ಯಾವುದೂ ಹಳೆಯದು ಬೇಡ.

ಕೊಳ್ಳುವ ಮುನ್ನ ಅಲ್ಲೇ ನೋಡಿ. ಡಬ್ಬಿಯ ಬಾಯಿಗೆ ಶುಭ್ರವಾದ ತುಂಡು ಹೋಸ್ ಹಾಕಿ ಬಾಯಿಂದ ಎಳೆಯಿರಿ, ಕಡ್ಡಿ ಒಳಗೆ ಹೋಗಬೇಕು. ಹೋಸನ್ನು ಮಡಿಸಿ ಹಿಡಿದು ಮೂವತ್ತು ಎಣಿಸಿ. ಕಡ್ಡಿ ಮೆಲ್ಲಗೆ ಹೊರಗೆ ಬಂದರೆ ಡಯಾಫ್ರಂ (ಒಳಗಿನ ರಬ್ಬರ್ ಪರದೆ) ತೂತಾಗಿದೆ, ಬಿಟ್ಟುಬಿಡಿ. ತೂತಾದದ್ದನ್ನು ಹಾಕಿದರೆ ಅದೇ ಏರ್ ಲೀಕ್ ಆಗಿ ಇದ್ದ ಐಡ್ಲಿಂಗನ್ನೂ ಕೆಡಿಸುತ್ತೆ. ವಾಲ್ವಿನ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿಯಿರಿ, ಸಾಮಾನ್ಯವಾಗಿ 30ರಿಂದ 50 ಓಮ್ ಒಳಗೆ ಬರುತ್ತೆ. 12 ವೋಲ್ಟ್ ಕೊಟ್ಟಾಗ "ಟಕ್" ಅನ್ನಬೇಕು, ಊದಿದರೆ ಗಾಳಿಯ ದಾರಿ ಬದಲಾಗಬೇಕು.

ಕಷ್ಟ ಇರುವುದು ಥ್ರಾಟಲ್ ಲಿವರಿನಲ್ಲಿ. ಡಬ್ಬಿಯ ಕಡ್ಡಿ ತಾಗಲು ಏಸಿ ಲಿವರಿನಲ್ಲಿ ಹೆಚ್ಚಿಗೆ ಒಂದು ಕಿವಿ ಇರುತ್ತೆ. ನಿಮ್ಮ ಲಿವರಿನಲ್ಲಿ ಅದು ಇಲ್ಲದಿದ್ದರೆ ತಗಡು ಬೆಸೆಯಲು ಹೋಗಬೇಡಿ. ಬೆಸುಗೆ ಬಿಟ್ಟು ಥ್ರಾಟಲ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ. ಗುಜರಿ ಕಾರ್ಬುರೇಟರಿನ ಕೆಳಗಿನ ತುಂಡನ್ನೇ (ಥ್ರಾಟಲ್ ತಟ್ಟೆ ಇರುವ ಭಾಗ) ಪೂರ್ತಿ ಬಳಸಿ, ಮೇಲಿನ ಎರಡು ಭಾಗ ನಿಮ್ಮದೇ ಇರಲಿ. ಮೊದಲು ನಡುವಿನ ಪ್ಯಾಕಿಂಗನ್ನು ಎರಡರ ಮೇಲೂ ಇಟ್ಟು ಪ್ರತಿ ತೂತೂ ಹೊಂದುತ್ತಾ ನೋಡಿ. ಒಂದು ತೂತು ಮುಚ್ಚಿದರೂ ಐಡ್ಲಿಂಗ್ ಸತ್ತುಹೋಗುತ್ತೆ. ಥ್ರಾಟಲ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಕಡಕಡ ಅಂದರೆ ಆ ತುಂಡು ಪ್ರಯೋಜನವಿಲ್ಲ. ಎಲ್‌ಪಿಜಿ ಗಾಡಿಯಿಂದ ಕಳಚಿದ್ದಾದರೆ ಒಳಗಿನ ಆಕ್ಸಿಲರೇಟರ್ ಪಂಪ್ ಡಯಾಫ್ರಂ ಒಣಗಿ ಬಿರಿದಿರುತ್ತೆ, ಗ್ಯಾಸಿಗಾಗಿ ಎಲ್ಲಾದರೂ ತೂತು ಕೊರೆದಿರಲೂಬಹುದು.

ವ್ಯಾಕ್ಯೂಮನ್ನು ಮ್ಯಾನಿಫೋಲ್ಡಿನಿಂದಲೇ ತಗೊಳ್ಳಿ. ಡಿಸ್ಟ್ರಿಬ್ಯೂಟರಿಗೆ ಹೋಗುವ ಹೋಸಿನಲ್ಲಿ ಐಡ್ಲಿಂಗಿನಲ್ಲಿ ಎಳೆತ ಇರಲ್ಲ, ಅದು ಥ್ರಾಟಲ್ ತೆರೆದ ಮೇಲೆ ಬರುವಂಥದ್ದು. ಬ್ರೇಕ್ ಬೂಸ್ಟರ್ ಇದ್ದರೆ ಅದರ ಹೋಸಿಗೆ ಟೀ (ಮೂರು ಬಾಯಿಯ ಕವಲು ಪೈಪು) ಹಾಕಲೇಬೇಡಿ. ಈ ಸಣ್ಣ ಹೋಸ್ ಕಳಚಿದರೆ ಬ್ರೇಕ್ ಕಲ್ಲಾಗುತ್ತೆ.

ವೈರಿಂಗ್: ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ಲೈನ್, 5 ಆಂಪ್ ಫ್ಯೂಸ್, ಡ್ಯಾಶಿನಲ್ಲಿ ಸ್ವಿಚ್, ಜೊತೆಗೆ ಸಣ್ಣ ದೀಪ, ಅಲ್ಲಿಂದ ವಾಲ್ವ್, ಇನ್ನೊಂದು ತುದಿ ಅರ್ತ್. ವಾಲ್ವ್ ಎಳೆಯುವುದು ಅರ್ಧ ಆಂಪಿಗಿಂತ ಕಡಿಮೆ, ರಿಲೇ ಬೇಕಿಲ್ಲ.

ಸೆಟ್ಟಿಂಗನ್ನು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮಾಡಿ. ಮೊದಲು ಸ್ವಿಚ್ ಆಫ್ ಇಟ್ಟು ಐಡ್ಲಿಂಗ್ 900ಕ್ಕೆ (ನಿಮಿಷಕ್ಕೆ 900 ಸುತ್ತು) ತನ್ನಿ. ಆಮೇಲೆ ಆನ್ ಮಾಡಿ ಡಬ್ಬಿಯ ಸ್ಕ್ರೂನಲ್ಲಿ 1,300ಕ್ಕೆ ಏರಿಸಿ. ಬೆಳಗ್ಗೆ ಎಣ್ಣೆ ಗಟ್ಟಿ ಇರುವಾಗ ಅದೇ 1,000ದ ಆಸುಪಾಸು ನಿಲ್ಲುತ್ತೆ. ತಣ್ಣಗಿರುವಾಗಲೇ 1,300 ಇಟ್ಟರೆ ಬಿಸಿಯಾದ ಮೇಲೆ ಕಿರುಚುತ್ತೆ.

ಸ್ವಿಚ್ ಆಫ್ ಮಾಡುವುದನ್ನು ಮರೆಯಬಾರದು. ನಿಮ್ಮದು ಚಾರ್ಮಾಡಿ ದಾರಿ. ಥ್ರಾಟಲ್ ಸ್ವಲ್ಪ ತೆರೆದಿದ್ದರೆ ಘಾಟಿ ಇಳಿಯುವಾಗ ಎಂಜಿನ್ ಹಿಡಿತ ಕಡಿಮೆಯಾಗುತ್ತೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತೆ.

ಉತ್ತರ (ಹುಬ್ಬಳ್ಳಿ, ಆಟೋ ಎಲೆಕ್ಟ್ರಿಷಿಯನ್)

ಮರೆಯೋ ಮಾತು ಬ್ಯಾಡ್ರಿ, ತಾನಾಗೇ ಆಫ್ ಆಗೋ ಹಂಗ ಮಾಡ್ರಿ. ರೇಡಿಯೇಟರ್ ಫ್ಯಾನ್ ಸ್ವಿಚ್ ಹಾಕಾಕ ಹೋಗಬ್ಯಾಡ್ರಿ. ಅದು 90 ಡಿಗ್ರಿ ದಾಟಿದ ಮ್ಯಾಗ ಕರೆಂಟ್ ಕೂಡಸತೈತಿ, ನಿಮ್ಮ ಚಳ್ಯಾಗ ಅಲ್ಲೀತನಕ ಹೋಗೂದು ತಡ. ಕೆಟ್ಟುಹೋದ ನೀರಿನ ಡಿಸ್ಪೆನ್ಸರ್, ಹೀಟರ್ ಒಳಗ ರೂಪಾಯಿ ನಾಣ್ಯದಷ್ಟ ಅಗಲದ ಬೈಮೆಟಲ್ ಥರ್ಮೋಸ್ಟಾಟ್ (ಬಿಸಿಗೆ ತಾನಾಗೇ ಬಿಡೋ, ಕೂಡೋ ಸ್ವಿಚ್) ಇರತೈತ್ರಿ, ಎರಡು ಕಾಲಿಂದು. ಮ್ಯಾಲ ಕೆಎಸ್‌ಡಿ301 ಅಂತ ಇರತೈತಿ, ಡಿಗ್ರೀನೂ ಅಚ್ಚ ಹಾಕಿರತಾರ. 60 ಡಿಗ್ರಿದು, ತಣ್ಣಗಿದ್ದಾಗ ಕೂಡಿರೋದು, ಬಿಸಿ ಆದಾಗ ಬಿಡೋದು ಬೇಕು. ಮೀಟರ್ ಹಚ್ಚಿ ಬಿಸಿನೀರಿನ ಲೋಟದ ಹೊರಮೈಗೆ ಒತ್ತಿ ಖಾತ್ರಿ ಮಾಡ್ಕೋರಿ, ಉಲ್ಟಾ ಕೆಲಸ ಮಾಡೋವೂ ಇರತಾವ.

ಎಂಜಿನ್ನಿನ ಥರ್ಮೋಸ್ಟಾಟ್ ಮುಚ್ಚಳದ ಕೆಳಗ, ಮ್ಯಾನಿಫೋಲ್ಡಿನ ಚಪ್ಪಟೆ ಲೋಹಕ್ಕ ಈ ಬೈಮೆಟಲ್ಲಿನ ಮುಖ ಒತ್ತಿ, ತಗಡಿನ ಪಟ್ಟಿಯಿಂದ ಬಿಗೀರಿ. ಮುಚ್ಚಳದ ಮ್ಯಾಲ ಬ್ಯಾಡ, ಅದು ಥರ್ಮೋಸ್ಟಾಟ್ ತೆರೆಯೂತನಕ ಬಿಸಿ ಆಗಂಗಿಲ್ಲ. ನಡುವ ಒಂಚೂರು ಹೀಟ್ ಸಿಂಕ್ ಪೇಸ್ಟ್ ಹಚ್ಚರಿ. ಲೋಹದ ಹೊರಮೈ ಒಳಗಿನ ನೀರಿಗಿಂತ ತಣ್ಣಗ ಇರತೈತಿ, ಅದಕ್ಕ 60ರದ್ದು ಹೊಂದತೈತಿ. 80ರದ್ದು ಹಾಕಿದರ ಬಿಡೂದೇ ಇಲ್ಲ. ಸ್ವಿಚ್ಚಿನಿಂದ ವಾಲ್ವಿಗೆ ಹೋಗೋ ವೈರಿನ ನಡುವ ಇದನ್ನ ಸೇರಿಸ್ರಿ. ಕಾಲುಗಳಿಗೆ ಸ್ಲೀವ್ ಮರೀಬ್ಯಾಡ್ರಿ, ಮಳಿನೀರು ಬಿದ್ದರ ಜಂಗ್ ಹಿಡೀತಾವ.

ಉತ್ತರ (ಮಡಿಕೇರಿ)

ಒಂದು ವಿಷಯ ಬೇರ್ಪಡಿಸಿ ನೋಡಿ. ತಣ್ಣಗಿರುವಾಗಲೇ ಬಂದ್ ಆಗುವುದು ಒಂದು. ಸ್ಟಾರ್ಟ್ ಆಗಿ ಎರಡು ಮೂರು ಕಿ.ಮೀ. ಓಡಿ, ಮಂಜಿನಲ್ಲಿ ಐಡ್ಲಿಂಗ್ ಹೋಗಿ, ಐದು ನಿಮಿಷ ನಿಲ್ಲಿಸಿದರೆ ತಾನಾಗೇ ಸರಿಹೋಗುವುದು ಇನ್ನೊಂದು. ಎರಡನೆಯದು ಕಾರ್ಬುರೇಟರಿನೊಳಗೆ ಮಂಜುಗಡ್ಡೆ ಕಟ್ಟುವುದು. ಹೊರಗೆ ಸೊನ್ನೆ ಡಿಗ್ರಿ ಇರಬೇಕೆಂದಿಲ್ಲ. ಪೆಟ್ರೋಲ್ ಆವಿಯಾಗುವಾಗ ಶಾಖ ಹೀರುತ್ತೆ, 10–12 ಡಿಗ್ರಿಯ ಒದ್ದೆ ಗಾಳಿಯಲ್ಲೂ ಥ್ರಾಟಲ್ ತಟ್ಟೆಯ ಅಂಚಿಗೆ ಹಿಮ ಕೂರುತ್ತೆ. ಮಲೆನಾಡಿನ ಮಂಜು ಇದಕ್ಕೆ ಹೇಳಿ ಮಾಡಿಸಿದ್ದು. ಐಡಲ್ ಅಪ್ ಇದಕ್ಕೆ ಮದ್ದಲ್ಲ, ಬಿಸಿಗಾಳಿ ಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲಿನ ತಗಡಿನ ಮುಚ್ಚಳದಿಂದ ಏರ್ ಕ್ಲೀನರಿನ ಮೂತಿಗೆ ಬರುವ ಸುಕ್ಕು ಪೈಪು ನಿಮ್ಮದರಲ್ಲಿ ಉಳಿದಿದೆಯಾ ನೋಡಿ. ಇಲ್ಲದಿದ್ದರೆ ಗುಜರಿಯಿಂದ ತಗಡನ್ನು ತಂದು ಅಲ್ಯೂಮಿನಿಯಂ ಸುಕ್ಕು ಪೈಪು ಹೊಸದು ಹಾಕಿ. ಮಾರ್ಚ್ ಬಂದ ಕೂಡಲೇ ಕಳಚಿ, ಬಿಸಿಲಲ್ಲಿ ಬಿಸಿಗಾಳಿ ಹೋದರೆ ಎಳೆತ ಕಡಿಮೆಯಾಗಿ ಟಕಟಕ ಬಡಿಯುತ್ತೆ.

ಉತ್ತರ (ಮೈಸೂರು)

ಈಗ ಬಂಕಿನಲ್ಲಿ ಸಿಗುವುದು ಇ20 (ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್). ಶುದ್ಧ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಇ20ಗೆ 13.5ರ ಹತ್ತಿರ ಸಾಕು. ಹಳೇ ಕಾರ್ಬುರೇಟರಿಗೆ ಇದನ್ನು ತಿಳಿಯುವ ದಾರಿಯಿಲ್ಲ, ಮಿಶ್ರಣ ತೆಳುವೇ ಆಗುತ್ತೆ. ಎಥನಾಲ್ ಆವಿಯಾಗಲು ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ಚಳಿಯಲ್ಲಿ ಅದೂ ಪೆಟ್ಟು. ಮಿಕ್ಸ್ಚರ್ ಸ್ಕ್ರೂ ಈಗ ಎಲ್ಲಿದೆ ಅಂತ ಗುರುತು ಹಾಕಿ, ಕಾಲು ಸುತ್ತು ಹೊರಗೆ ತಿರುಗಿಸಿ, ಐಡ್ಲಿಂಗ್ ಸ್ಕ್ರೂನಲ್ಲಿ ಮತ್ತೆ 900ಕ್ಕೆ ತನ್ನಿ. ನಂತರ ಎಮಿಷನ್ ಕೇಂದ್ರದಲ್ಲಿ ಅಳೆಸಿ. 1996ರ ಗಾಡಿಗೆ ಸಿಒ (ಕಾರ್ಬನ್ ಮಾನಾಕ್ಸೈಡ್) ಮಿತಿ ಶೇಕಡ 3, ಅದರೊಳಗೆ ಇರಬೇಕು. ಪೆಟ್ರೋಲ್ ಹೋಸ್ ಹಳೆಯದಾಗಿದ್ದರೆ ಆರ್9 ಎಂದು ಅಚ್ಚಾದದ್ದು ಹಾಕಿ, ಮಾಮೂಲಿ ರಬ್ಬರ್ ಒಳಗಿನಿಂದ ಉದುರಿ ಜೆಟ್ಟಿಗೆ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಕೂರುತ್ತೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಏಸಿ ಕಾರ್ಬುರೇಟರ್ ತರುತ್ತೇನೆ. ಜೆಟ್ಟುಗಳನ್ನು ಅದರದ್ದೇ ಇಡಲಾ, ನನ್ನದು ಹಾಕಲಾ? ತಮ್ಮನ ಬಳಿ ಎಂಪಿಎಫ್‌ಐ 800 (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವುದು) ಇದೆ, ಅದೂ ಚಳಿಯಲ್ಲಿ ಒದ್ದಾಡುತ್ತೆ. ಇದೇ ಡಬ್ಬಿ ಅದಕ್ಕೂ ಆಗುತ್ತಾ?

ಉತ್ತರ (ಬೆಂಗಳೂರು, ಕಾರ್ಬುರೇಟರ್ ಕೆಲಸದವರು)

ಜೆಟ್ ನಿಮ್ಮದೇ ಇರಲಿ. ಜೆಟ್ಟಿನ ತಲೆಯ ಮೇಲೆ ಅಂಕಿ ಕೆತ್ತಿರುತ್ತೆ, ಕಳಚುವ ಮೊದಲೇ ಯಾವ ತೂತಿನಲ್ಲಿ ಯಾವ ಅಂಕಿ ಅಂತ ಫೋಟೋ ತೆಗೆದಿಡಿ. ಸೂಜಿ, ತಂತಿ ತೂರಿಸಬೇಡಿ, ಹಿತ್ತಾಳೆ ಅಗಲವಾಗುತ್ತೆ. ಕ್ಲೀನರ್ ಮತ್ತು ಗಾಳಿ ಸಾಕು. ಐಡ್ಲಿಂಗ್ ಪೆಟ್ರೋಲ್ ಕಟ್ ಮಾಡುವ ಸೊಲೆನಾಯ್ಡ್ ಮಾತ್ರ ಎರಡರಲ್ಲಿ ಜೋರಾಗಿ "ಟಕ್" ಅನ್ನುವುದನ್ನು ಆರಿಸಿ.

ಎಂಪಿಎಫ್‌ಐಗೆ ಈ ಡಬ್ಬಿ ಬೇಡ. ಅದರಲ್ಲಿ ಚಳಿಯ ಲೆಕ್ಕ ಹಾಕುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ನೀರಿನ ಟೆಂಪರೇಚರ್ ಸೆನ್ಸರನ್ನು ಮೊದಲು ಅಳೆಯಿರಿ: 20 ಡಿಗ್ರಿಯಲ್ಲಿ 2,200–2,700 ಓಮ್, 80ರಲ್ಲಿ 300ರ ಸುತ್ತ ಬರಬೇಕು. ಗುಜರಿಯಿಂದ ತರುವ ಸೆನ್ಸರಿಗೂ ಇದೇ ಪರೀಕ್ಷೆ. ಥ್ರೆಡ್ ಹೊಂದಿತು ಅಂತ ಬೇರೆ ಗಾಡಿಯದ್ದು ಹಾಕಿದರೆ, ಅಥವಾ ಟೆಂಪರೇಚರ್ ಮುಳ್ಳಿನ ಒಂದು ವೈರಿನ ಸೆನ್ಸರನ್ನು ಅದರ ಜಾಗಕ್ಕೆ ಕೂರಿಸಿದರೆ, ಎಂಜಿನ್ ಆಗಲೇ ಬಿಸಿಯಾಗಿದೆ ಅಂತ ಇಸಿಯು ತಿಳಿದು ಪೆಟ್ರೋಲ್ ಕಡಿಮೆ ಕೊಡುತ್ತೆ. ಸೆನ್ಸರ್ ಸರಿಯಿದ್ದರೆ ಥ್ರಾಟಲ್ ಬಾಡಿಯ ಐಡ್ಲಿಂಗ್ ಗಾಳಿ ವಾಲ್ವಿನ ಮಸಿ ತೆಗೆಯಿರಿ, ಬ್ಯಾಟರಿ ಮೈನಸ್ ಕಳಚಿಟ್ಟು.